ಸವೆಯದ ಹಲ್ಲಿನ ಪೆಟ್ಟಿಗೆ

"ಕೇಳಿರಪ್ಪೋ ಕೇಳಿ! ಹೆಬ್ಬಂಡೆಯ ರಕ್ಕಸ ಕೋರೆಮಲ್ಲನ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ. ಅರಸುಮಗಳು ಒಪ್ಪಿದರೆ ಮದುವೆ. ಬಿಡಿಸಲಾರದವನನ್ನು ರಕ್ಕಸ ತಿಂದರೆ ಅರಮನೆ ಹೊಣೆಯಲ್ಲ!"

ಹೊನ್ನಗಿರಿಯಲ್ಲಿ ಹೀಗೆ ಡಂಗುರ ಹೊಡೆದದ್ದು ಆಷಾಢ ಶುದ್ಧ ತದಿಗೆಯಂದು.

ಅದಕ್ಕೆ ಕೆಲವು ದಿನ ಮೊದಲಿನವರೆಗೂ, ಹತ್ತು ವರ್ಷ, ಕೋರೆಮಲ್ಲ ಯಾರನ್ನೂ ತಿಂದಿರಲಿಲ್ಲ. ಅರಸ ಬಿಜ್ಜರಸ ಅವನಿಗೊಂದು ಕೀಲುಪೆಟ್ಟಿಗೆ ಕೊಟ್ಟಿದ್ದ. ಕೀಲಿ ತಿರುಗಿಸಿದರೆ ಒಳಗಿನ ತಂತಿ ಹಾಡುತ್ತಿತ್ತು. ಜೊತೆಗೆ ಪಕ್ಕದ ಗುಂಡಿಯನ್ನೂ ಒತ್ತಿದರೆ ಮುಂದಿನ ಪರದೆಯಲ್ಲಿ ಚಿತ್ರಗಳು ಓಡುತ್ತಿದ್ದವು. ಪೆಟ್ಟಿಗೆ ನಡೆಯುವಷ್ಟು ಕಾಲ ರಕ್ಕಸನಿಗೆ ಹಸಿವಿನ ನೆನಪಿಲ್ಲ. ಒಂದು ದಿನ ಎರಡನ್ನೂ ನಡೆಸುವ ಒಳಗಿನ ಸುರುಳಿ ಮುರಿಯಿತು. ಹಾಡೂ ನಿಂತಿತು, ಚಿತ್ರವೂ ನಿಂತಿತು. ಅವನು ಕೆಳಗಿಳಿದು ಬಂದು ಕೋಟೆ ಬಾಗಿಲಲ್ಲಿ ಒಂಬತ್ತು ಜನರ ಕತ್ತು ಮುರಿದು ತಿಂದ. ಅರಸುಮಗಳು ರಾಯಲದೇವಿ ಒಂಬತ್ತು ಹೆಸರನ್ನೂ ಕಡತದಲ್ಲಿ ಬರೆದಿಟ್ಟಳು.

"ಹೊಸದು ತನ್ನಿ. ಆದರೆ ತರುವವನಿಗೆ ತಿಳಿವಳಿಕೆ ಇರಬೇಕು. ಮೂರು ಒಗಟು ಬಿಡಿಸಿದರೆ ಏಳು ಬೆಟ್ಟದಾಚೆ ಹೋಗುತ್ತೇನೆ" ಎಂದ ರಕ್ಕಸ.

ಮೊದಲು ಹೋದವನು ಪಕ್ಕದ ರಾಜ್ಯದ ಯುವರಾಜ ಭುಜಬಲ. ರಕ್ಕಸ ಕೇಳಿದ: "ಒಂದೇ ಹೊಟ್ಟೆಗೆ ಎರಡು ತಲೆ. ಒಂದು ಹಾಡುತ್ತದೆ, ಒಂದು ಕುಣಿಯುತ್ತದೆ. ಹೊಟ್ಟೆಗೆ ಇರಿದರೆ ಎರಡೂ ಒಟ್ಟಿಗೆ ಸಾಯುತ್ತವೆ. ಯಾವುದು?"

"ಇಷ್ಟೇನಾ? ಗಂಡಭೇರುಂಡ!" ಎಂದು ಭುಜಬಲ ನಕ್ಕ. ನಗು ಮುಗಿಯುವ ಮೊದಲೇ ರಕ್ಕಸ ಅವನನ್ನು ಸೌದೆ ಸೀಳಿದ ಹಾಗೆ ಎರಡಾಗಿ ಸೀಳಿದ. ಕಿರೀಟ ಮಾತ್ರ ಉರುಳಿಕೊಂಡು ಊರಿಗೆ ವಾಪಸು ಬಂತು.

ಮರುದಿನ ಮಂತ್ರಿಯ ಮಗ ಮಾಚರಸ ಹತ್ತಿದ. "ಅದು ಕೆಟ್ಟುಹೋದ ನಿನ್ನ ಪೆಟ್ಟಿಗೆಯೇ" ಎಂದು ಮೊದಲನೆಯದನ್ನು ಬಿಡಿಸಿದ. ರಕ್ಕಸ ಎರಡನೆಯದನ್ನು ಹಾಕಿದ: "ಇಬ್ಬರು ಅಣ್ಣತಮ್ಮಂದಿರು. ಬೇರೆ ಊಟ, ಬೇರೆ ಹಾಸಿಗೆ, ನಡುವೆ ಒಂದು ಹಗ್ಗ. ಹಗ್ಗ ಬಿಚ್ಚಿದರೆ ಒಬ್ಬ ಮುಂದೆ, ಒಬ್ಬ ಹಿಂದೆ. ಒಬ್ಬ ಸತ್ತರೂ ಇನ್ನೊಬ್ಬ ಅಳದೆ ತನ್ನ ಕೆಲಸ ಮಾಡುತ್ತಾನೆ. ಯಾರವರು?"

"ಆಸ್ತಿ ಪಾಲಾದ ದಾಯಾದಿಗಳು" ಎಂದ ಮಾಚರಸ. ಅವನ ತಲೆ ಬಂಡೆಗೆ ಬಡಿದ ಸದ್ದು ಅರಮನೆಯ ಅಡುಗೆಮನೆಗೂ ಕೇಳಿಸಿತು. ಕಡತಕ್ಕೆ ಹನ್ನೊಂದನೆಯ ಹೆಸರು ಬಿತ್ತು.

ಆಗ ಬಂದವನು ಚಿಕ್ಕೀರ. ಬೀಗ, ತಕ್ಕಡಿ, ಗಾಣದ ಹಲ್ಲುಚಕ್ರ ರಿಪೇರಿ ಮಾಡಿ ಬದುಕುವವನು. ರಕ್ಕಸ ಕೋಟೆ ಬಾಗಿಲಲ್ಲಿ ಕೊಂದ ಒಂಬತ್ತು ಜನರಲ್ಲಿ ಅವನ ಅಕ್ಕನೂ ಒಬ್ಬಳು.

"ಎಣ್ಣೆಗೈಯವನೇ, ಯುವರಾಜನೇ ಸತ್ತ. ನೀನೇನು ಮಾಡೀಯ?" ಎಂದ ಅರಸ.

"ಕೆಟ್ಟ ಪೆಟ್ಟಿಗೆ ಎಲ್ಲಿದೆ, ಬುದ್ಧೀ? ಯಾವುದನ್ನೇ ಆಗಲಿ ಬಿಚ್ಚಿ ನೋಡದೆ ನಾನು ಮಾತಾಡೋದಿಲ್ಲ."

ರಕ್ಕಸ ಬಾಗಿಲಲ್ಲಿ ಎಸೆದುಹೋಗಿದ್ದ ಪೆಟ್ಟಿಗೆಯನ್ನು ರಾಯಲದೇವಿ ತರಿಸಿಕೊಟ್ಟಳು. ಚಿಕ್ಕೀರ ಒಂದೊಂದೇ ಚಕ್ರ ತೆಗೆದು ಬೆರಳಿನಿಂದ ಸವರಿ ನೋಡಿದ. ಆಮೇಲೆ ಹಾಡುವ ತಂತಿಯನ್ನು ಕಳಚಿ, ಹೊಸ ಚಕ್ರ, ಹೊಸ ಸುರುಳಿ ಹಾಕಿ, ಒಣ ಸೋರೆಬುರುಡೆಯೊಳಗೆ ಕೂರಿಸಿಕೊಂಡು ಬಂಡೆ ಹತ್ತಿದ.

ಬಂಡೆಯ ಹಿಂಬದಿ ನೂರಾಳುದ್ದದ ಪ್ರಪಾತ. ಮೇಲೆ ಎಲುಬಿನ ರಾಶಿಯ ನಡುವೆ ರಕ್ಕಸ ಕೂತಿದ್ದ. ಜಡೆಗಟ್ಟಿದ ಹುಬ್ಬು ಕಣ್ಣು ಮುಚ್ಚಿ ಮೂಗಿನವರೆಗೆ ಇಳಿಬಿದ್ದಿತ್ತು. ಹಿಂದಿನ ಎರಡು ಒಗಟನ್ನೇ ಅವನು ಮತ್ತೆ ಹಾಕಿದ.

"ಮೊದಲನೆಯದು ಎರಡೂ ಸೇರಿದ ಪೆಟ್ಟಿಗೆ. ಅಗ್ಗ, ಜಾಗವೂ ಕಡಿಮೆ. ಸುರುಳಿ ಮುರಿದರೆ ಎಲ್ಲ ಹೋಯಿತು. ಎರಡನೆಯದು ಹಾಡಿಗೊಂದು, ಚಿತ್ರಕ್ಕೊಂದು, ಬೇರೆ ಬೇರೆ ಪೆಟ್ಟಿಗೆ. ಕೀಲಿಯೂ ಬೇರೆ, ಇಡುವ ಜಾಗವೂ ಬೇರೆ. ನಡುವಿನ ಪಟ್ಟಿ ಬಿಗಿಯದಿದ್ದರೆ ಹಾಡು ಮುಂದೆ, ಚಿತ್ರ ಹಿಂದೆ. ಆದರೆ ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ" ಎಂದ ಚಿಕ್ಕೀರ.

ರಕ್ಕಸ ಹಲ್ಲು ಕಡಿದ. "ಮೂರನೆಯದು ಕೇಳು. ನಿನ್ನ ಅರಸನ ಚೀಲದಲ್ಲಿ ಉಳಿದಿರುವುದು ನೂರು ವರಹ. ಸೇರಿದ ಪೆಟ್ಟಿಗೆಗೆ ನೂರು, ಬೇರೆ ಬೇರೆ ಎರಡಕ್ಕೆ ನೂರೈವತ್ತು. ನನ್ನ ಮನೆಗೆ ಯಾವುದು ತಕ್ಕದ್ದು? ಸೇರಿದ್ದು ಎಂದರೆ ಕರುಳು ಬಗೆಯುತ್ತೇನೆ. ಬೇರೆ ಬೇರೆ ಎರಡು ಎಂದರೆ ಕತ್ತು ಕೀಳುತ್ತೇನೆ."

"ಹಾಡಿನ ಪೆಟ್ಟಿಗೆ ಒಂದೇ ಸಾಕು. ಚಿತ್ರಕ್ಕೆ ಒಂದು ಕಾಸೂ ಹಾಕಬಾರದು."

"ಯಾಕೆ?"

"ನಿನ್ನ ಪೆಟ್ಟಿಗೆ ಬಿಚ್ಚಿದೆ. ಹಾಡಿನ ಚಕ್ರದ ಹಲ್ಲು ಸವೆದು ಬೋಳಾಗಿತ್ತು. ಚಿತ್ರದ ಚಕ್ರದ ಹಲ್ಲಿಗೆ ಪೆಟ್ಟಿಗೆ ಮಾಡಿದ ಅಕ್ಕಸಾಲಿ ಸವರಿದ ಎಣ್ಣೆ ಇನ್ನೂ ಅಂಟಿಕೊಂಡಿತ್ತು. ಹತ್ತು ವರ್ಷದಲ್ಲಿ ನೀನು ಒಂದು ಸಲವೂ ಚಿತ್ರ ನೋಡಿಲ್ಲ. ನಿನಗೆ ಕಣ್ಣಿಲ್ಲ, ಕೋರೆಮಲ್ಲ."

ಹದ್ದುಗಳು ಹಾರಿಹೋಗುವಂತೆ ರಕ್ಕಸ ಕೂಗಿದ. "ಈ ಗುಟ್ಟು ತಿಳಿದವನು ಕೆಳಗಿಳಿಯಬಾರದು!" ಎಂದು ಕೊಟ್ಟ ಮಾತು ಮುರಿದು ಮೇಲೆ ಬಿದ್ದ. ಅವನ ಉಗುರು ಚಿಕ್ಕೀರನ ಹೆಗಲಿನ ಮಾಂಸ ಕಿತ್ತಿತು. ಚಿಕ್ಕೀರ ರಕ್ತದ ಕೈಯಲ್ಲೇ ಬುರುಡೆಯ ಕೀಲಿ ತಿರುಗಿಸಿ, ಅದನ್ನು ಪ್ರಪಾತಕ್ಕೆ ಎಸೆದ. ಬುರುಡೆ ಬೀಳುತ್ತಲೇ ಹಾಡುತ್ತಿತ್ತು. "ನನ್ನ ಹಾಡು!" ಎಂದು ರಕ್ಕಸ ಎರಡೂ ಕೈ ಚಾಚಿ ಅದರ ಹಿಂದೆಯೇ ಜಿಗಿದ. ಕೆಳಗೆ ಎಲುಬುಗಳು ಮುರಿದ ಸದ್ದು ಎಣಿಸುವಷ್ಟು ಸ್ಪಷ್ಟವಾಗಿತ್ತು.

ರಾಯಲದೇವಿ ಕಡತದಲ್ಲಿ ಹನ್ನೊಂದು ಹೆಸರಿನ ಕೆಳಗೆ ಗೆರೆ ಎಳೆದಳು. ಗೆರೆಯ ಕೆಳಗೆ ಚಿಕ್ಕೀರನ ಹೆಸರು ಬರೆದು, "ಬದುಕಿದವನು. ನಾನು ಒಪ್ಪಿದೆ" ಎಂದು ಸೇರಿಸಿದಳು.

ಅರ್ಧ ರಾಜ್ಯ ಕೊಟ್ಟು, ಉಳಿದ ನೂರು ವರಹಕ್ಕೆ ಎರಡೂ ಸೇರಿದ ಪೆಟ್ಟಿಗೆಯೊಂದನ್ನು ಮದುವೆಗೆ ಮಾಡಿಸಲು ಅರಸ ಹೊರಟ. ಚಿಕ್ಕೀರ ತಡೆದ.

"ದಿನಾ ಏನು ಬೇಕು ನಿಮಗೆ?" ಎಂದು ರಾಯಲದೇವಿಯನ್ನು ಕೇಳಿದ.

"ನನಗೆ ಚಿತ್ರ. ನಿಮಗೆ?"

"ಹಾಡು. ಅಕ್ಕ ಹಾಡುತ್ತಿದ್ದಳು."

ಆ ವರ್ಷ ಚಿತ್ರದ ಪೆಟ್ಟಿಗೆ ಕೊಂಡರು. ಹಾಡಿನದನ್ನು ಅವನು ಪ್ರಪಾತಕ್ಕಿಳಿದು, ರಕ್ಕಸನ ಮುಷ್ಟಿ ಬಿಡಿಸಿ, ಚೂರುಗಳನ್ನು ಆರಿಸಿ ತಂದು ಜೋಡಿಸಿದ. ಎರಡು ಪೆಟ್ಟಿಗೆಗಳ ನಡುವೆ ಒಂದು ಪಟ್ಟಿ ಕಟ್ಟಿದ. ಒಂದು ಪೆಟ್ಟಿಗೆ ಕೆಟ್ಟುಹೋದ ದಿನ ಇನ್ನೊಂದು ಆ ಮನೆಯನ್ನು ನಡೆಸಿತು.