ಈರಭದ್ರ ವೋಲ್ಟೇಜ್ ಏರಿಸಿದ್ದು

ಕೇಳ್ರಪ್ಪಾ ಕೇಳ್ರಿ, ನಗು ಬಂದರೆ ತಡೆದುಕೊಳ್ಳಬೇಡಿ! ರಾಣೆಬೆನ್ನೂರಿನಲ್ಲಿ ಗಿರಿಜವ್ವ ಅಂತ ಒಬ್ಬಳಿದ್ದಳು. ಮದುವೆ ವೀಡಿಯೊ ಮಾಡಿಕೊಡುವ ಸ್ಟುಡಿಯೊ ಅವಳದು, ಮಹಡಿ ಮೇಲೆ. ಒಬ್ಬನೇ ಮಗ, ಈರಭದ್ರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು!

ಆವತ್ತು ಭಾನುವಾರ. ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಮದುಮಗಳು ಗಂಡನ ಮನೆಗೆ ಹೊರಡಬೇಕು, ವೀಡಿಯೊ ಜೊತೆಗೇ ಹೋಗಬೇಕು. ತಪ್ಪಿದರೆ ಆ ಮನೆತನದ ಒಂದು ಮದುವೆಯೂ ಇನ್ನು ಗಿರಿಜವ್ವನಿಗೆ ಸಿಗುವುದಿಲ್ಲ. ವೀಡಿಯೊ ತಯಾರಿಸುವ ಕಂಪ್ಯೂಟರ್ ನೋಡಿದರೆ ತೆವಳುತ್ತಿದೆ!

ರಿಪೇರಿ ದಸ್ತಗೀರ ಫೋನಿನಲ್ಲಿ ಹೇಳಿದ: "ಪ್ರೊಸೆಸರ್ ಸ್ಪೀಡ್ ಏರಿಸೋ ಈರಭದ್ರಾ. ಜೋಡಿಗೆ ವೋಲ್ಟೇಜೂ ಏರಿಸು. ಆದ್ರ ನಿಮ್ಮ ಚಿಪ್ಪಿಗೆ ಒಂದು ಪಾಯಿಂಟ್ ಮೂರು ದಾಟಬ್ಯಾಡ!"

ಈರಭದ್ರ ದಾಟಲಿಲ್ಲ. ಒಂದೇ ಜಿಗಿತಕ್ಕೆ ಒಂದು ಪಾಯಿಂಟ್ ಮೂರಕ್ಕೆ ಹೋಗಿ ಕುಳಿತ! ಸ್ಪೀಡನ್ನು ಎಳೆದಷ್ಟೂ ಎಳೆದ! ಪರದೆ ಕಪ್ಪಾಯಿತು.

ದಸ್ತಗೀರ ಓಡಿ ಬಂದ. ಒಳಗಿನ ಪುಟ್ಟ ಸೆಲ್ ತೆಗೆದು ಮತ್ತೆ ಹಾಕಿ ಎಲ್ಲ ಮೊದಲಿನಂತೆ ಮಾಡಿದ. ತಾನೇ ಸ್ವಲ್ಪ ಏರಿಸಿ ವೀಡಿಯೊ ತಯಾರಾಗಲು ಹಚ್ಚಿದ.

"ಒಮ್ಮೆಲೇ ಏರಿಸ್ತಾರೇನ್ಲೇ ಪೆದ್ದಾ! ಒಂದು ಹೆಜ್ಜೆ ಏರಿಸು, ನಿಲ್ಲು, ಬಿಸಿ ನೋಡು. ಮತ್ತ ಒಂದು ಹೆಜ್ಜೆ!"

"ಹೂಂ ರೀ! ಹೆಜ್ಜೆ, ನಿಲ್ಲು, ಬಿಸಿ!"

ದಸ್ತಗೀರ ಹೋದ. ಕೆಳಗೆ ಕಾರು ಬಂತು. ಮದುಮಗಳ ಅಜ್ಜಿ ಸಾವಂತ್ರವ್ವ ವೀಡಿಯೊಗಾಗಿ ತಾನೇ ಬಂದಿದ್ದಳು.

"ಅಜ್ಜಿನ್ನ ಕೈ ಹಿಡಿದು ಮ್ಯಾಲೆ ಕರಕೊಂಡು ಬಾರೋ!" ಅಂದಳು ಗಿರಿಜವ್ವ.

ಕರೆತಂದ! ಒಂದು ಮೆಟ್ಟಿಲು ಏರಿಸಿದ, ನಿಲ್ಲಿಸಿದ, ಅಜ್ಜಿಯ ಹಣೆ ಮುಟ್ಟಿದ. ಇನ್ನೊಂದು ಮೆಟ್ಟಿಲು ಏರಿಸಿದ, ನಿಲ್ಲಿಸಿದ, ಹಣೆ ಮುಟ್ಟಿದ!

"ಏ ಮೂಳಾ, ನನಗೇನು ಜ್ವರ ಬಂದೈತೇನೋ!"

"ಬಿಸಿ ಇಲ್ಲಜ್ಜಿ, ಇನ್ನೊಂದು ಏರಬಹುದು!"

ಗಿರಿಜವ್ವ ತಲೆ ಚಚ್ಚಿಕೊಂಡಳು. "ಬಿಸಿ ಇಲ್ಲಂದ್ರ ಸುಮ್ಮನ ನಡೀಬೇಕಪ್ಪಾ! ಬಿಸಿ ಆದ್ರ ಅಷ್ಟ ಇಳಿಸೋದು! ಹೋಗು, ಅಜ್ಜಿಗೆ ಚಾ ತಾ!"

"ಹೂಂ ಅವ್ವಾ! ಬಿಸಿ ಆದ್ರ ಇಳಿಸೋದು!"

ಎದುರಿನ ಅಂಗಡಿಯಿಂದ ಚಹಾದ ಕಿಟ್ಲಿ ಹಿಡಿದು ಹೊರಟ. ನಡುರಸ್ತೆಗೆ ಬಂದಾಗ ಕಿಟ್ಲಿ ಮುಟ್ಟಿ ನೋಡಿದ. ಅಯ್ಯೋ, ಬಿಸಿ! ತಕ್ಷಣ ಇಳಿಸಿದ. ಬರಿಗೈಲಿ ಮೇಲೆ ಬಂದ.

"ಚಾ ಎಲ್ಲೋ?"

"ಬಿಸಿ ಇತ್ತವ್ವಾ, ಇಳಿಸಿದೆ!"

"ಎಲ್ಲಿ ಇಳಿಸಿದ್ಯೋ?"

"ಬಸ್ಸಿನ ಮುಂದ!"

ಕೆಳಗೆ ಕಿಟ್ಲಿ ಅಪ್ಪಚ್ಚಿ! ಚಹಾದವನು ಬೈಯುವುದು ಬೀದಿಗೆಲ್ಲ ಕೇಳುತ್ತಿತ್ತು.

"ಬಿಸಿ ಇದ್ರ ಗಾಳಿ ಹಾಕಬೇಕೋ ನನ್ನ ಕರ್ಮವೇ! ಗಾಳಿ ಹಾಕಿ ತಣ್ಣಗ ಮಾಡಬೇಕು!"

"ಹೂಂ ಅವ್ವಾ! ಗಾಳಿ ಹಾಕೋದು!"

ನಾಲ್ಕು ಗಂಟೆ ಇಪ್ಪತ್ತು ನಿಮಿಷ! ಪರದೆಯ ಮೇಲೆ ತೊಂಬತ್ತೆಂಟು ಪರ್ಸೆಂಟ್! ಇನ್ನೆರಡೇ ಬಾಕಿ! ಗಿರಿಜವ್ವನಿಗೆ ಖುಷಿಯೋ ಖುಷಿ! ಕಾರಿನವನು ಹಾರ್ನ್ ಹೊಡೆದ. "ಎರಡ ನಿಮಿಷ ತಡೀಯಪ್ಪಾ!" ಎನ್ನಲು ಅವಳು ಕೆಳಗೆ ಓಡಿದಳು.

ಈರಭದ್ರ ಕಂಪ್ಯೂಟರ್ ಡಬ್ಬಿ ಮುಟ್ಟಿದ. ಬಿಸಿ! ಬಾಗಿಲಿನ ಹತ್ತಿರವಿದ್ದ ಟೇಬಲ್ ಫ್ಯಾನ್ ಎತ್ತಿ ತಂದ. ಡಬ್ಬಿಗೆ ಎದುರಾಗಿ ನಿಲ್ಲಿಸಿದ. ವೈರು ಹಿಡಿದು ಪ್ಲಗ್ ಹುಡುಕಿದ. ಗೋಡೆಯಲ್ಲಿ ಅಲ್ಲಿ ಇದ್ದದ್ದು ಒಂದೇ ಪ್ಲಗ್, ಅದರಲ್ಲಿ ಕಂಪ್ಯೂಟರ್ ವೈರು.

ಅದನ್ನು ಕಿತ್ತ. ಫ್ಯಾನ್ ಹಾಕಿದ!

ಏನು ಗಾಳಿ ಅಂತೀರಿ! ಅಜ್ಜಿಯ ಸೆರಗು ಹಾರಾಡಿತು. ಗಿರಿಜವ್ವ ಏದುಸಿರು ಬಿಡುತ್ತಾ ಒಳಗೆ ಬಂದಳು, ಕಪ್ಪಾದ ಪರದೆ ನೋಡಿದಳು, ಡಬ್ಬಿಯ ಹತ್ತಿರ ಧಾವಿಸಿದಳು.

ಈರಭದ್ರ ಕುಣಿಯುತ್ತಾ ಅವಳ ಕೈ ಹಿಡಿದು ಡಬ್ಬಿಯ ಮೇಲೆ ಇಟ್ಟ. "ಮುಟ್ಟಿ ನೋಡವ್ವಾ, ತಣ್ಣಗಾಗಾಕ ಹತ್ತೈತಿ! ಇನ್ನ ಚಿಪ್ಪಿನ ಚಿಂತೀನ ಬ್ಯಾಡ! ವೋಲ್ಟೇಜು ಒಂದು ಪಾಯಿಂಟ್ ಮೂರಲ್ಲ, ಒಂದು ಚೂರೂ ಇಲ್ಲ!"