ಅಪ್ಪಗಳು ಹಿಡಿದ ಹಗ್ಗ

ಪೂಜ್ಯ ಶ್ರೀ ಸಂಗಯ್ಯ ಅಪ್ಪಗಳಿಗೆ ಮಠವೆಂಬುದು ಇರಲಿಲ್ಲ. ಭಕ್ತರು ಎಷ್ಟು ಬೇಡಿಕೊಂಡರೂ ಅವರು ಕಟ್ಟಿಸಗೊಡಲಿಲ್ಲ. ಒಂದು ಕಂಬಳಿ, ಒಂದು ಬಟ್ಟಲು, ಒಂದು ಜೋಳಿಗೆ, ಇಷ್ಟೇ ಹೊತ್ತು ಊರಿಂದೂರಿಗೆ ಬಿಜಯಂಗೈಯುತ್ತಿದ್ದರು. ಯಾರ ಮನೆಯಲ್ಲೂ ಮೂರು ದಿನಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಚುರುಕಾಗತೊಡಗಿದಾಗ ಅವರು ಸಿರಿಗೊಪ್ಪದ ನೇಕಾರರ ಓಣಿಯಲ್ಲಿ ಬನವ್ವನೆಂಬ ಹೆಣ್ಣುಮಗಳ ಮನೆಯಲ್ಲಿ ತಂಗಿದ್ದರು. ಮನೆಯೆಂದರೆ ಒಂದೇ ಅಂಕಣ. ಅದರ ಅರ್ಧವನ್ನು ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗವೇ ನುಂಗಿತ್ತು. ಉಳಿದ ಅರ್ಧದಲ್ಲಿ ಒಲೆ, ನೀರಿನ ಕೊಡ, ಅಪ್ಪಗಳಿಗೆಂದು ಹಾಸಿದ ಚಾಪೆ. ಬನವ್ವನ ಗಂಡ ನೂಲು ತರಲು ಪೇಟೆಗೆ ಹೋಗಿದ್ದ. ಅವಳು ಸೀರೆ ನೇಯುತ್ತಿದ್ದಳು. ಅಪ್ಪಗಳು ಮಗ್ಗದ ಸದ್ದಿನಲ್ಲೇ ಕಣ್ಣು ಮುಚ್ಚಿ ಕುಳಿತಿರುತ್ತಿದ್ದರು.

ಆ ಮನೆಯನ್ನು ಹುಡುಕಿಕೊಂಡು ಒಂದು ಮುಂಜಾನೆ ದುಂಡಪ್ಪ ಗಾಣಿಗೇರ ಎಂಬವನು ಜೀಪಿನಲ್ಲಿ ಬಂದ. ಮುಧೋಳದ ಕಡೆಯವನು. ಬೇಟೆನಾಯಿಗಳನ್ನು ಸಾಕಿ ಬೆಳೆಸುವುದರಲ್ಲಿ ಹೆಸರು ಮಾಡಿದ್ದ. ಅವನ ನಾಯಿಗಳಲ್ಲೆಲ್ಲ ಹೆಚ್ಚಿನದು ಸರ್ಜಾ. ಎತ್ತರದ ಕಾಲು, ಸಣ್ಣ ನಡು, ಬಾಣದಂಥ ಮೂತಿ. ಪ್ರದರ್ಶನಗಳಲ್ಲಿ ಎರಡು ಸಲ ಗೆದ್ದಿತ್ತು. ದುಂಡಪ್ಪ ಎಲ್ಲಿಗೆ ಹೋದರೂ ಸರ್ಜಾ ಜೊತೆಗಿರಲೇಬೇಕು. ಮದುವೆಯಾಗಲಿ, ಸಾವಿನ ಮನೆಯಾಗಲಿ, ಯಾರದೋ ಮನೆಯ ಅಡುಗೆಮನೆಯ ಬಾಗಿಲಾಗಲಿ, ಅವನ ಹಿಂದೆಯೇ ಅದು. ಜನ ಹಿಂಜರಿದರೆ, "ಏನೂ ಮಾಡೂದಿಲ್ರೀ, ಭಾಳ ಸಂಭಾವಿತ ಐತಿ" ಎಂದು ನಗುತ್ತಿದ್ದ. ಆಮೇಲೆ ಯಾರೂ ಏನೂ ಹೇಳುತ್ತಿರಲಿಲ್ಲ. ಯಾರೂ ಹೇಳದ್ದನ್ನು ಒಪ್ಪಿಗೆಯೆಂದೇ ಅವನು ತಿಳಿದಿದ್ದ.

ಅಂದು ಅವನು ಬಂದದ್ದು ನಮಸ್ಕಾರ ಮಾಡಿ ಹೋಗುವುದಕ್ಕಲ್ಲ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬಂದಿದ್ದ.

ಎರಡು ವರ್ಷದ ಹಿಂದೆ ಅವನ ಮಗಳು ಸುವರ್ಣಾ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದ್ದಳು. ಕೂಸನ್ನು ನೋಡಲು ಹೋದ ದುಂಡಪ್ಪ ಸರ್ಜಾನನ್ನೂ ನೇರ ಪಡಸಾಲೆಗೆ ಕರೆದೊಯ್ದಿದ್ದ. ಸುವರ್ಣಾಳ ಅತ್ತೆ, ಬೀಗಿತ್ತಿ ಪಾರವ್ವ, "ಇರ್ಲಿ ಬಿಡ್ರಿ, ಇರ್ಲಿ" ಎಂದಿದ್ದರು. ನಾಯಿ ತೊಟ್ಟಿಲಿನ ಹತ್ತಿರ ಮೂತಿ ಚಾಚಿದ್ದೇ ತಡ, ಅವರು ಧಡಕ್ಕನೆ ಎದ್ದು ಕೂಸನ್ನು ಬಾಚಿಕೊಳ್ಳಲು ಹೋಗಿ ಕಾಲು ಜಾರಿ ಬಿದ್ದರು. ಬಲಗೈಯ ಮುಂಗೈ ಮುರಿಯಿತು. ನಾಯಿ ಯಾರನ್ನೂ ಮುಟ್ಟಿರಲಿಲ್ಲ. "ಅದು ಏನ್ ಮಾಡೇತಿ? ತಾವೇ ಬಿದ್ರ ನಾಯೀದೇನು ತಪ್ಪು?" ಎಂದು ಅಲ್ಲೇ ಕೂಗಾಡಿ ಹೊರಬಿದ್ದ ದುಂಡಪ್ಪ ಮತ್ತೆ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹೆಂಡತಿ ಕಸ್ತೂರೆವ್ವ ಒಬ್ಬಳೇ ಬಸ್ಸು ಹಿಡಿದು ಹೋಗಿ ಮೊಮ್ಮಗನನ್ನು ಆಡಿಸಿ ಬರುತ್ತಿದ್ದಳು.

ಈಗ ಆ ಮಗುವಿನ ಜವಳದ ಕಾರ್ಯ. ಕೂದಲು ತೆಗೆಯುವಾಗ ಮಗು ತಾಯಿಯ ತಂದೆಯ ತೊಡೆಯ ಮೇಲಿರಬೇಕೆಂದು ಬೀಗರೇ ಕರೆಕಳಿಸಿದ್ದರು. ಆದರೆ ಸುವರ್ಣಾಳ ಚೀಟಿಯಲ್ಲಿ ಕೊನೆಗೊಂದು ಸಾಲು: "ಸರ್ಜಾನ್ನ ಕರಕೊಂಡು ಬರೂದಿದ್ದರ ನೀವೂ ಬರಬ್ಯಾಡ್ರಿ ಅಪ್ಪಾ."

ಆ ಸಾಲನ್ನು ಓದಿದಾಗಿನಿಂದ ಅವನಿಗೆ ಕುಳಿತಲ್ಲಿ ಕುಳಿತುಕೊಳ್ಳಲಾಗುತ್ತಿರಲಿಲ್ಲ. ಅಂಗಳದಲ್ಲಿ ಅಡ್ಡಾಡಿದ. ಊಟಕ್ಕೆ ಕುಳಿತು ಅರ್ಧಕ್ಕೇ ಎದ್ದ. "ಒಂದ ದಿನ ನಾಯಿ ಬಿಟ್ಟು ಹೋದ್ರ ಏನಾಗ್ತೈತ್ರಿ?" ಎಂದ ಕಸ್ತೂರೆವ್ವನ ಮೇಲೆ ಹರಿಹಾಯ್ದ. ಬೀಗರ ಮನೆಯವರು ಸಂಗಯ್ಯ ಅಪ್ಪಗಳ ಪರಮ ಭಕ್ತರು. ಅಪ್ಪಗಳ ಬಾಯಿಂದ ಒಂದು ಮಾತು ಬಂದರೆ ಅವರು ಸೋತು ಸುಮ್ಮನಾಗಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಜೊತೆಗೆ ಮನಸ್ಸಿನಲ್ಲಿ ಇನ್ನೊಂದು ಹುಳ. ಅಪ್ಪಗಳು ಸಕಲ ಜೀವದಲ್ಲಿ ಶಿವನನ್ನು ಕಾಣುತ್ತಾರಂತೆ, ನೋಡಿಯೇ ಬಿಡೋಣ.

ಓಣಿಯಲ್ಲಿ ಗಾಳಿ ಎದ್ದಿತ್ತು. ಜೀಪಿನಿಂದ ಸರ್ಜಾ ಧುಮುಕುತ್ತಲೇ ಬೀದಿನಾಯಿಗಳೆಲ್ಲ ಒಟ್ಟಾಗಿ ಬೊಗಳತೊಡಗಿದವು. ಅದು ಹಗ್ಗವನ್ನು ಜಗ್ಗಿ ಜಗ್ಗಿ ಆ ಕಡೆ ಈ ಕಡೆ ಹಾಯಿತು. ಬಾಗಿಲಲ್ಲಿ ಕುಳಿತಿದ್ದವರು ಎದ್ದು ಒಳಗೆ ಸರಿದರು. ಬನವ್ವನ ಮನೆಯ ಮುಂದೆ ಬರುವಷ್ಟರಲ್ಲಿ ಮಗ್ಗದ ಸದ್ದು ನಿಂತಿತು.

ಬನವ್ವ ಬಾಗಿಲಿಗೆ ಬಂದಳು. ನಾಯಿಯನ್ನು ನೋಡಿದಳು.

"ಸಂಗಯ್ಯ ಅಪ್ಪಾರು ಇಲ್ಲೇ ಅದಾರೇನವಾ?" ಎಂದ ದುಂಡಪ್ಪ.

"ಅದಾರ್ರಿ. ಬರ್ರಿ ಅಣ್ಣಾರ... ಒಳಗ ಬರ್ರಿ."

"ನಾಯಿ ಏನೂ ಮಾಡೂದಿಲ್ಲವಾ, ಅಂಜಬ್ಯಾಡ" ಎನ್ನುತ್ತಲೇ ದುಂಡಪ್ಪ ಹೆಜ್ಜೆ ಮುಂದಿಟ್ಟ. ಸರ್ಜಾ ಅವನಿಗಿಂತ ಮೊದಲೇ ಒಳಗೆ ತಲೆ ತೂರಿಸಿತು.

ಚಾಪೆಯ ಮೇಲಿದ್ದ ಅಪ್ಪಗಳು ಎದ್ದು ಬಂದರು. ವಯಸ್ಸು ಎಪ್ಪತ್ತು ದಾಟಿತ್ತು, ದೇಹ ಕೃಶವಾಗಿತ್ತು. ಬಾಗಿಲಿಗೆ ಅಡ್ಡವಾಗಿ ನಿಂತು ಮೆಲ್ಲಗೆ ಕೈಯೆತ್ತಿದರು.

"ಯಜಮಾನರ, ನಿಲ್ರಿ."

ದುಂಡಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಇಷ್ಟು ದೂರ ಬಂದದ್ದು ಇದಕ್ಕೇನು? ಕೈ ಮುಗಿಯುವುದನ್ನೂ ಮರೆತು ಕೇಳಿಯೇಬಿಟ್ಟ:

"ಎಲ್ಲಾ ಜೀವದಾಗ ಶಿವನ್ನ ಕಾಣ್ತೀರಿ ಅಂತ ಕೇಳಿದ್ದೆ ಅಪ್ಪಾರ. ಈ ನಾಯ್ಯಾಗ ಇಲ್ಲೇನ್ರಿ ಶಿವ?"

"ಅದಾನ" ಎಂದರು ಅಪ್ಪಗಳು. ಬನವ್ವನ ಕಡೆ ಕೈ ತೋರಿ, "ಈ ತಾಯ್ಯಾಗೂ ಅದಾನ" ಎಂದರು.

"ಆಕೀನ ಬರ್ರಿ ಅಂದಳಲ್ರಿ!"

"ಬಾಯಿ ಅಂತು. ಕೈ ನೋಡಿದ್ರೇನು?"

ದುಂಡಪ್ಪ ತಿರುಗಿ ನೋಡಿದ. ಬನವ್ವ ಬಾಗಿಲ ಚೌಕಟ್ಟನ್ನು ಅವುಚಿ ಹಿಡಿದಿದ್ದಳು. ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಮುಖದಲ್ಲಿ ನಗುವಿತ್ತು. ಆ ನಗು ಹಾಗೇ ಅಂಟಿಕೊಂಡು ಕುಳಿತಿತ್ತು, ಅವಳು ಅದನ್ನು ತೆಗೆಯಲು ಮರೆತವಳಂತೆ.

"ಇದು ನನ್ನ ಮನಿ ಅಲ್ಲ. ನಾನೂ ನಿಮ್ಹಂಗ ಬಂದಾಂವ" ಎಂದರು ಅಪ್ಪಗಳು. ಬಳಿಕ ಕೈ ಚಾಚಿದರು. "ಹಗ್ಗ ಇಲ್ಲಿ ಕೊಡ್ರಿ. ನೀವು ಒಳಗ ಹೋಗಿ ಒಂದು ರೊಟ್ಟಿ ತಿಂದು ಬರ್ರಿ. ನಿಮ್ಮ ಮಾತು ಆಮ್ಯಾಲ ಕೇಳ್ತೀನಿ."

ದುಂಡಪ್ಪ ಬೇಡವೆನ್ನುವ ಮೊದಲೇ ಹಗ್ಗ ಪೂಜ್ಯರ ಕೈಗೆ ಹೋಗಿತ್ತು. ಅವರು ನಾಯಿಯನ್ನು ಕರೆದುಕೊಂಡು ಎದುರಿನ ಬೇವಿನಮರದ ಕಟ್ಟೆಗೆ ಹೋಗಿ ಕುಳಿತರು. ಎಲೆ ಉದುರುವ ಕಾಲ, ಮರದಲ್ಲಿ ನೆರಳೆಂಬುದೇ ಇರಲಿಲ್ಲ.

ಒಳಗೆ ಬನವ್ವ ಕಂಬಳಿ ಹಾಸಿದಳು, ತಂಬಿಗೆಯಲ್ಲಿ ನೀರು ಕೊಟ್ಟಳು. ಕೊಡುವಾಗ ಅರ್ಧ ನೀರು ನೆಲಕ್ಕೆ ತುಳುಕಿತು. ದುಂಡಪ್ಪ ಕುಳಿತ. ಮತ್ತೆ ಎದ್ದು ಬಾಗಿಲಿಂದ ಇಣುಕಿದ. ಅಪ್ಪಗಳು ಬಿಸಿಲಲ್ಲೇ ಇದ್ದರು. ಬಂದು ಕುಳಿತ. ಹೊರಗೆ ಬೊಗಳುವ ಸದ್ದು ಕೇಳಿ ಮತ್ತೆ ಎದ್ದ. ಯಾಕೆ ಎದ್ದೆ, ಯಾಕೆ ಕುಳಿತೆ ಎಂಬುದೇ ಅವನಿಗೆ ತಿಳಿಯದಾಯಿತು. ಸರ್ಜಾ ಹೊಸಬರ ಕೈಗೆ ಸಿಗುವ ನಾಯಿಯಲ್ಲ. ಅಪ್ಪಗಳನ್ನು ಕಚ್ಚಿದರೆ? ಬಿಡಿಸಿಕೊಂಡು ಓಡಿದರೆ? ಜನ ಏನೆಂದಾರು?

"ಅಪ್ಪಾರಿಗೆ ಒಳಗ ಬರಾಕ ಹೇಳ್ರಿ ಅಣ್ಣಾರ. ನಾ ಒಂದ ಮೂಲ್ಯಾಗ ನಿಂತಿರ್ತೀನಿ. ಅವರು ಬಿಸಲಾಗ ಕುಂತ್ರ ನನಗ ಪಾಪ ಹತ್ತತೈತಿ" ಎಂದಳು ಬನವ್ವ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಮಾತಾಡುತ್ತಲೇ ಮಗ್ಗದ ಬಳಿ ಬಗ್ಗಿ ಏನನ್ನೋ ಹುಡುಕುತ್ತಿದ್ದಳು.

"ಏನ್ ಮಾಡಾಕತ್ತಿ?"

"ಎಳಿ ಹರದಾವ್ರಿ. ನಿಮ್ಮ ನಾಯಿ ಸದ್ದು ಕೇಳಿ ಗಾಬರ್ಯಾಗಿ ಧಡಕ್ಕನ ಎದ್ದುಬಿಟ್ಟೆ. ಕಾಲು ತಾಗಿತು. ಇರ್ಲಿ, ಕಟ್ಟಿಕೊಂತೀನಿ."

ದುಂಡಪ್ಪ ಹತ್ತಿರ ಹೋಗಿ ನೋಡಿದ. ಮಗ್ಗದ ಮೇಲೆ ಬಿಗಿದ ಕೆಂಪು ನೂಲಿನ ಹಾಸಿನಲ್ಲಿ ಹತ್ತಿಪ್ಪತ್ತು ಎಳೆಗಳು ತುಂಡಾಗಿ ಜೋತಾಡುತ್ತಿದ್ದವು. ಅವಳು ಒಂದೊಂದನ್ನೇ ಬೆರಳ ತುದಿಯಲ್ಲಿ ಹಿಡಿದು ಗಂಟು ಹಾಕುತ್ತಿದ್ದಳು. ಗಂಟು ಬಿಗಿಯಾಗದೆ ಬಿಚ್ಚಿಹೋಗುತ್ತಿತ್ತು. ಮತ್ತೆ ಹಾಕುತ್ತಿದ್ದಳು.

"ಇಷ್ಟು ಅಂಜಿಕಿ ಇದ್ರ ಮತ್ತ ಬರ್ರಿ ಅಂತ ಯಾಕ ಅಂದಿ?" ಎಂದು ಕೇಳಿದ. ದನಿ ಜೋರಾಗಿತ್ತು. ಆದರೆ ಸಿಟ್ಟು ಅವಳ ಮೇಲಲ್ಲ ಎಂಬುದು ಅವನಿಗೇ ಗೊತ್ತಾಗುತ್ತಿತ್ತು.

ಬನವ್ವ ತಲೆಯೆತ್ತಲಿಲ್ಲ. "ಅಪ್ಪಾರನ್ನ ನೋಡಾಕ ಅಂತ ಬಂದವರಿಗೆ ಬ್ಯಾಡ ಅಂತ ಹೆಂಗ ಅನ್ಲಿ ಅಣ್ಣಾರ? ಸಣ್ಣಾಕಿದ್ದಾಗ ಒಂದು ದೊಡ್ಡ ಮನೀಗೆ ಸೀರಿ ಮುಟ್ಟಸಾಕ ಹೋಗಿದ್ದೆ. ಅಂಗಳದಾಗ ನಾಯಿ ಇತ್ತು. ಅವರೂ ಹಿಂಗ ಅಂದ್ರು, ಏನೂ ಮಾಡೂದಿಲ್ಲ ಬಾ ಅಂತ." ಇನ್ನೊಂದು ಎಳೆ ಕೈಗೆತ್ತಿಕೊಂಡಳು. ಆಮೇಲೆ, "ಮೂರ ತಿಂಗಳ ನೆಲಕ್ಕ ಕಾಲ ಊರಿರ್ಲಿಲ್ರಿ" ಎಂದಳು.

ಅವನ ಮುಂದೆ ತಟ್ಟೆಯಲ್ಲಿ ರೊಟ್ಟಿ, ಝುಣಕ ಇದ್ದವು. ಮುರಿದ ತುತ್ತು ಬಾಯಿಗೆ ಹೋಗಲಿಲ್ಲ. ಪಾರವ್ವ ಕಣ್ಣ ಮುಂದೆ ಬಂದರು. ಇರ್ಲಿ ಬಿಡ್ರಿ ಎಂದಾಗ ಅವರು ನಕ್ಕದ್ದು ನೆನಪಿತ್ತು. ನಗುತ್ತಲೇ ತೊಟ್ಟಿಲನ್ನು ತಮ್ಮ ಕಡೆಗೆ ಎಳೆದುಕೊಂಡದ್ದು ಈಗ ನೆನಪಾಯಿತು. ಅದನ್ನು ಅವನು ಅಂದೂ ನೋಡಿದ್ದ. ನೋಡಿಯೂ ಸರ್ಜಾನ ಬೆನ್ನು ತಟ್ಟುತ್ತ ಪ್ರದರ್ಶನದ ಕಥೆ ಹೇಳುತ್ತಿದ್ದ. ಮತ್ತೆ ಎಷ್ಟು ಮನೆಗಳು, ಎಷ್ಟು ಮಂದಿ ಹೀಗೇ ನಕ್ಕಿದ್ದರು? ಎದೆಯೊಳಗೆ ಯಾರೋ ಒಂದೊಂದೇ ಬಾಗಿಲು ತೆರೆದು ತೋರಿಸಿದಂತಾಯಿತು. ಎಲ್ಲ ಬಾಗಿಲಲ್ಲೂ ಅದೇ ನಗು.

ಅವನು ತಟ್ಟೆಗೆ ಕೈಮುಗಿದು ಎದ್ದು ಹೊರಗೋಡಿದ.

ಸರ್ಜಾ ಒಂದು ಕ್ಷಣವೂ ಸುಮ್ಮನೆ ಕುಳಿತಿರಲಿಲ್ಲ. ಬೀದಿನಾಯಿಗಳನ್ನು ಕಂಡಾಗಲೆಲ್ಲ ಮುಂಗಾಲೆತ್ತಿ ಜಗ್ಗುತ್ತಿತ್ತು. ಅಪ್ಪಗಳು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಕಾಲನ್ನು ಕಟ್ಟೆಗೆ ಒತ್ತಿಹಿಡಿದು ಕುಳಿತಿದ್ದರು. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಕೆನ್ನೆಗಿಳಿದಿತ್ತು. ಮುಂದೆ ಅವರದೇ ಬಟ್ಟಲಲ್ಲಿ ನಾಯಿಗೆಂದು ನೀರಿತ್ತು. ದುಂಡಪ್ಪ ಹಗ್ಗ ಬಿಡಿಸಿಕೊಂಡಾಗ ಪೂಜ್ಯರ ಅಂಗೈಯಲ್ಲಿ ಕೆಂಪನೆಯ ಬರೆ ಎದ್ದಿತ್ತು. ಒಂದು ಕಡೆ ಚರ್ಮ ಸುಲಿದಿತ್ತು.

"ಅಪ್ಪಾರ, ಇದೇನ್ರಿ! ಬಿಟ್ಟುಬಿಡಬೇಕಿತ್ತು!"

"ನಿಮ್ಮ ಪ್ರೀತಿದು. ಬಿಡಾಕ ಬರ್ತದೇನು?" ಎಂದರು ಅಪ್ಪಗಳು. ಮಾತಿನಲ್ಲಿ ವ್ಯಂಗ್ಯದ ಲೇಶವೂ ಇರಲಿಲ್ಲ.

ದುಂಡಪ್ಪ ಆ ಬಿಸಿಲಲ್ಲೇ ಓಣಿಯ ದೂಳಿನಲ್ಲಿ ಅಡ್ಡಬಿದ್ದ. ಬೀಗರ ವಿಷಯ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ನಾ ಏನ್ ಮಾಡ್ಲಿ ಅಪ್ಪಾರ?" ಎಂದಷ್ಟೇ ಕೇಳಿದ.

ಅಪ್ಪಗಳು ಅವನನ್ನು ಎಬ್ಬಿಸಿ, ನಾಯಿಯ ಬೆನ್ನ ಮೇಲೆ ಕೈಯಾಡಿಸಿದರು.

"ಇದನ್ನ ಪ್ರೀತಿ ಮಾಡೂದು ಬಿಡಬ್ಯಾಡ್ರಿ. ಆದ್ರ ಮಂದಿಗೆ ಬ್ಯಾಡ ಅನ್ನೂದು ಸಲೀಸ ಮಾಡಿಕೊಡ್ರಿ."

ಅಷ್ಟು ಅಪ್ಪಣೆ ಕೊಡಿಸಿ ಒಳಗೆ ಬಿಜಯಂಗೈದರು. ಸ್ವಲ್ಪ ಹೊತ್ತಿಗೆ ಮಗ್ಗದ ಸದ್ದು ಮತ್ತೆ ಕೇಳತೊಡಗಿತು.

ಜವಳದ ದಿನ ದುಂಡಪ್ಪ ಹೆಂಡತಿಯೊಡನೆ ಬೀಗರ ಊರಿಗೆ ಬಸ್ಸಿನಲ್ಲಿ ಹೋದ. ಸರ್ಜಾನನ್ನು ಮನೆಯಲ್ಲೇ ಆಳಿಗೆ ಒಪ್ಪಿಸಿ ಬಂದಿದ್ದ. ದಾರಿಯುದ್ದಕ್ಕೂ ಅವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕಿಟಕಿಯ ಗಾಜು ಏರಿಸಿದ, ಇಳಿಸಿದ. ಬೀಗರ ಮನೆಯ ಮುಂದೆ ಚಪ್ಪರ ಹಾಕಿತ್ತು, ನೆಂಟರು ನೆರೆದಿದ್ದರು. ಕಸ್ತೂರೆವ್ವ ಒಳಗೆ ಹೋದಳು. ಅವನು ಬಾಗಿಲಲ್ಲೇ ನಿಂತ. ಎಲ್ಲರೂ ಅವನ ಹಿಂದೆ ನೋಡುತ್ತಿದ್ದರು, ಏನಾದರೂ ಬರುತ್ತಿದೆಯೇ ಎಂದು.

ಪಾರವ್ವ ಬಂದರು. ಬಲಗೈ ತುಸು ಸೊಟ್ಟಗೆ ಕೂಡಿಕೊಂಡಿತ್ತು.

"ಬೀಗಿತ್ತಿಯವರ" ಎಂದ ದುಂಡಪ್ಪ, "ಅವತ್ತ ನೀವು ಇರ್ಲಿ ಅಂದ್ರಿ. ನಾ ಅಷ್ಟಕ್ಕ ಒಪ್ಪಿಗಿ ಅಂತ ತಿಳೀಬಾರದಾಗಿತ್ತು. ನಿಮ್ಮ ಮಾರಿ ನೋಡಬೇಕಾಗಿತ್ತು. ನೋಡಲಿಲ್ಲ. ತಪ್ಪು ನಾಯೀದಲ್ಲ, ನಂದು."

ಪಾರವ್ವ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಸಣ್ಣ ದನಿಯಲ್ಲಿ, "ನನಗ ಭಾಳ ಅಂಜಿಕಿ ಬಂದಿತ್ರಿ ಬೀಗರ. ಹೇಳಾಕ ಆಗಲಿಲ್ಲ" ಎಂದರು. ಎರಡು ವರ್ಷದಲ್ಲಿ ಆ ಮಾತನ್ನು ಅವರು ಮಗನ ಮುಂದೆಯೂ ಆಡಿರಲಿಲ್ಲವಂತೆ.

"ಈಗ ಒಳಗ ಬರ್ಲೇನ್ರಿ?"

ಒಳಗಿನಿಂದ ಸುವರ್ಣಾ ಮಗುವನ್ನೆತ್ತಿಕೊಂಡು ಬಂದು ತಂದೆಯ ತೋಳಿಗೆ ಕೊಟ್ಟಳು. ಅಪರಿಚಿತ ಮುಖ ಕಂಡು ಮಗು ಕಿರುಚಿ ಅಳತೊಡಗಿತು. ಎರಡು ವರ್ಷ ಕಾಣದ ಅಜ್ಜನನ್ನು ಅದು ಹೇಗೆ ಗುರುತಿಸೀತು? ಕೂದಲು ತೆಗೆಯುವಷ್ಟು ಹೊತ್ತೂ ಅತ್ತಿತು, ಒದೆಯಿತು, ಅವನ ತಲೆಯ ಪಟಗವನ್ನು ಕಿತ್ತೆಸೆಯಿತು. ದುಂಡಪ್ಪ ಅದನ್ನು ಬಿಗಿಯಾಗಿ ಒತ್ತಿ ಹಿಡಿಯಲಿಲ್ಲ. "ಅಂಜಿಕಿ ಬಂತೇನಪಾ? ಹೌದು, ಅಂಜಿಕಿ ಬರ್ತೈತಿ" ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದ.

ಊಟವಾಗಿ ಹೊರಡುವಾಗ ಪಾರವ್ವ ಬಟ್ಟೆಯ ಗಂಟೊಂದನ್ನು ತಂದು ಕಸ್ತೂರೆವ್ವನ ಕೈಯಲ್ಲಿಟ್ಟರು. ಹೋಳಿಗೆಯಿರಬೇಕೆಂದು ಅವಳು ಚೀಲದಲ್ಲಿ ಇಟ್ಟುಕೊಳ್ಳಹೋದಾಗ ಪಾರವ್ವ ತಡೆದರು.

"ನಿಮಗಲ್ರಿ ಅದು. ರೊಟ್ಟಿ ಐತಿ. ಮನ್ಯಾಗ ಒಂದು ಕಾಯಾಕತ್ತಿರ್ತೈತಲ್ರಿ, ಅದಕ್ಕ."

ದುಂಡಪ್ಪ ಆ ಗಂಟನ್ನು ಹೆಂಡತಿಯ ಕೈಯಿಂದ ತಾನೇ ಇಸಿದುಕೊಂಡ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನು, ಊರು ಬರುವವರೆಗೂ ಅಲುಗಾಡಲಿಲ್ಲ.