ಬೆಳ್ಳಿ ಅಳಲಿಲ್ಲ

ಲೋಕ ಇನ್ನೂ ಹಸಿ ಮಣ್ಣಿನಂತಿದ್ದ ಕಾಲ. ಗಾಳಿ, ಹೊಳೆ, ಬೆಕ್ಕು ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು. ಆಗಿನ ಬೆಕ್ಕುಗಳು ಏನನ್ನೂ ಬಚ್ಚಿಡುತ್ತಿರಲಿಲ್ಲ. ಮುಳ್ಳು ಚುಚ್ಚಿದರೆ ಅಳುತ್ತಿದ್ದವು, ಹೊಟ್ಟೆ ನೋವಾದರೆ ಅಳುತ್ತಿದ್ದವು. ಮರಿಗಳಿಗೆ ಹಾಲೂಡಿಸುವಾಗ ಮಾತ್ರ ಗಂಟಲೊಳಗೆ ಗುರ್‌ಗುರ್ ಎನ್ನುತ್ತಿದ್ದವು.

ಹೊಳೆಯ ದಂಡೆಯಲ್ಲಿ ಕೆಂಚವ್ವ ಎಂಬ ಹೆಂಗಸಿದ್ದಳು. ಅವಳ ಅಜ್ಜಿ ಸಾಕಿದ್ದು, ಅವಳ ಅವ್ವ ಸಾಕಿದ್ದು, ಈಗ ಅವಳು ಸಾಕುತ್ತಿದ್ದುದು ಒಂದೇ ತಳಿ, ಉದ್ದ ಕೂದಲಿನ ಬೂದು ಬೆಕ್ಕು. ಆ ತಳಿಯಲ್ಲಿ ಉಳಿದಿದ್ದವರು ಬೆಳ್ಳಿ ಮತ್ತು ಅವಳ ಮೂರು ಮರಿಗಳು ಮಾತ್ರ.

ವರ್ಷಕ್ಕೊಮ್ಮೆ ಬಯಲಿನಲ್ಲಿ ತಳಿಬೆಕ್ಕುಗಳ ಪ್ರದರ್ಶನ, ಯಾರೂ ತಪ್ಪಿಸುವಂತಿರಲಿಲ್ಲ. ತೀರ್ಪು ಹೇಳುವವನು ಮೂಡಣ ಗಾಳಿ. ಯಾವ ಬೆಕ್ಕು ಅವನ ಮುಂದೆ ಅತ್ತಿತೋ ಅದರ ಇಡೀ ತಳಿಯನ್ನು ಒಲೆಯ ಮಗ್ಗುಲಿಂದ ಎಬ್ಬಿಸಿ ಕಾಡಿಗೆ ಅಟ್ಟುತ್ತಿದ್ದ. ಹಾಗೆ ಹೋದವು ಮಳೆಗಾಲ ದಾಟುತ್ತಿರಲಿಲ್ಲ.

ಆ ವರ್ಷ ಹೊರಡುವ ಮುಂಜಾನೆ ಬೆಳ್ಳಿ ಹಾಲು ಮುಟ್ಟಲಿಲ್ಲ. ಬಾಚಣಿಗೆ ಹೊಟ್ಟೆಗೆ ತಾಗಿದಾಗ ಅತ್ತಳು. ಅಲ್ಲೊಂದು ಗಂಟು ಕೆಂಚವ್ವನ ಬೆರಳಿಗೆ ಸಿಕ್ಕಿತು. ಅವಳು ಬಾಚಣಿಗೆ ಕೆಳಗಿಟ್ಟು ಮರಿಗಳ ಕಡೆ ನೋಡಿದಳು.

"ಇವತ್ತೊಂದು ದಿನ ಅಳಬೇಡ ಕಣೆ, ಮಗಳೇ."

ಬೆಳ್ಳಿ ಆಗಲಿ ಎಂದಳು.

ಬಯಲಿನಲ್ಲಿ ಕೆಂಚವ್ವ ಬೆಳ್ಳಿಯ ಎದೆಯ ಕೆಳಗೊಂದು ಕೈ, ಹಿಂಗಾಲ ಕೆಳಗೊಂದು ಕೈ ಕೊಟ್ಟು, ಗಂಟಿಗೆ ತಾಗದಂತೆ ಅವಳನ್ನು ಎತ್ತಿ ಹಿಡಿದಳು. ಗಾಳಿ ಬೆನ್ನು ಸವರಿದ, ಬಾಲ ಎಳೆದ, ಕೊನೆಗೆ ಹೊಟ್ಟೆ ಒತ್ತಿದ. ಬೆಳ್ಳಿಯ ಮೈ ಬಿಗಿಯಿತು. ಗಂಟಲಿಗೆ ಬಂದ ಅಳುವನ್ನು ಅವಳು ಮರಿಗಳಿಗೆ ಕೇಳಿಸುವ ಗುರ್‌ಗುರ್‌ನಲ್ಲಿ ಮುಚ್ಚಿಬಿಟ್ಟಳು. ಇಷ್ಟು ಸುಖವಾಗಿರುವ ಬೆಕ್ಕನ್ನು ತಾನು ಕಂಡೇ ಇಲ್ಲ, ಒಲೆಯ ಮಗ್ಗುಲು ಇನ್ನು ಎಂದೆಂದಿಗೂ ಈ ತಳಿಯದೇ ಎಂದು ಗಾಳಿ ತೀರ್ಪು ಕೊಟ್ಟ.

ಮನೆಯ ದಾರಿಯುದ್ದಕ್ಕೂ ಗುರ್‌ಗುರ್ ನಿಲ್ಲಲಿಲ್ಲ. ನೋವು ಇಳಿದಿರಬೇಕು ಎಂದು ಕೆಂಚವ್ವ ನಂಬಿದಳು. ನಂಬುವುದೇ ಅವಳಿಗೆ ಬೇಕಾಗಿತ್ತು.

ಮೂರನೆಯ ದಿನ ಬೆಳ್ಳಿ ಕಾಣಲಿಲ್ಲ. ಹುಡುಕಿ ಹುಡುಕಿ ಸಾಕಾಗಿ, ಸೌದೆ ರಾಶಿಯ ಹಿಂದೆ ಬಗ್ಗಿ ನೋಡಿದರೆ ಅವಳು ತಣ್ಣಗಾಗಿದ್ದಳು. ಮರಿಗಳು ಇನ್ನೂ ಹಾಲಿಗೆ ತಡಕಾಡುತ್ತಿದ್ದವು.

ಕೆಂಚವ್ವ ಅವಳನ್ನು ಮಡಿಲಿಗೆ ಎತ್ತಿಕೊಂಡಳು. ನನಗೊಂದು ಮಾತು ಹೇಳಬಾರದಿತ್ತೇ ಎಂದು ಗೋಳಾಡಿದಳು.

"ಅಳಬೇಡ ಅಂತ ನೀನೇ ಹೇಳಿದ್ದೆಯಲ್ಲವ್ವ," ಎಂದಿತು ಚಿಕ್ಕ ಮರಿ.

"ಒಂದು ದಿನಕ್ಕೆ ಹೇಳಿದ್ದೆ ಕಣೋ."

"ಗಾಳಿ ದಿನಾಲೂ ಬರ್ತಾನಲ್ಲ."

ಬೆಕ್ಕೊಂದು ಮನುಷ್ಯರ ಜೊತೆ ಆಡಿದ ಕೊನೆಯ ಮಾತು ಅದು. ಅಂದಿನಿಂದ ಇಂದಿನವರೆಗೂ ಬೆಕ್ಕು ಸುಖದಲ್ಲೂ ಗುರ್‌ಗುರ್ ಎನ್ನುತ್ತದೆ, ನೋವಿನಲ್ಲೂ ಗುರ್‌ಗುರ್ ಎನ್ನುತ್ತದೆ, ಕಾಯಿಲೆ ಬಿದ್ದರೆ ಯಾರಿಗೂ ಹೇಳದೆ ಮೂಲೆ ಸೇರುತ್ತದೆ.